ಇಳಿಜಾರಿನ ಅಂಚಿನಲ್ಲಿ ಮನೆ ಕಟ್ಟಬಹುದೇ?

ಓದುಗರ ಪತ್ರ: ಕಡಿದಾದ ಇಳಿಜಾರಿನ ತಲೆಯ ಮೇಲೆ ಸೈಟು ತಗೊಂಡಿದ್ದೇವೆ. ಇಳಿಜಾರಿನ ಎತ್ತರ ಸುಮಾರು 45 ಅಡಿ. ಅಂಚಿಗೇ ಮನೆ ಕಟ್ಟುವ ಆಸೆ, ನೋಟ ಅಷ್ಟು ಚೆನ್ನಾಗಿದೆ. ಆದರೆ ಇದು ಭೂಕಂಪದ ಪ್ರದೇಶ. ಮಳೆ ಬಂದಾಗಲೆಲ್ಲ ಅಂಚಿನ ಮಣ್ಣೂ ಸ್ವಲ್ಪ ಸ್ವಲ್ಪ ಕೊಚ್ಚಿಹೋಗುತ್ತದೆ. ಗಟ್ಟಿಯಾದ ತಡೆಗೋಡೆ ಕಟ್ಟಿ, ಪಿಲ್ಲರ್ ಆಳಕ್ಕೆ ಇಳಿಸಿದರೆ ಏನೂ ಆಗಲ್ಲ ಅಂತಾರೆ ಕಂಟ್ರಾಕ್ಟರ್. ಅಷ್ಟು ಸಾಕೇ?

ಸಂಪಾದಕರ ಉತ್ತರ: ಸಾಲದು. ಮನೆ ಎಷ್ಟೇ ಗಟ್ಟಿಯಾಗಿರಲಿ, ಕೆಳಗಿನ ನೆಲವೇ ಜಾರಿದರೆ ಮನೆಯೂ ಅದರ ಜೊತೆಗೇ ಹೋಗುತ್ತದೆ. 1964ರ ಅಲಾಸ್ಕಾ ಭೂಕಂಪದಲ್ಲಿ ಆಂಕರೇಜ್ ನಗರದ ಟರ್ನಗೇನ್ ಹೈಟ್ಸ್ ಬಡಾವಣೆಗೆ ಇದೇ ಆಯಿತು. ಕಡಲ ಪಕ್ಕದ ದಿಬ್ಬದ ಮೇಲಿದ್ದ ಸುಮಾರು 75 ಮನೆಗಳು ನೆಲದ ಸಮೇತ ಜಾರಿ ಹಾಳಾದವು. ಅಡಿಯಲ್ಲಿದ್ದ ಮೆತ್ತನೆಯ ಜೇಡಿಮಣ್ಣು ಆ ಅಲುಗಾಟ ತಡೆಯಲಿಲ್ಲ.

ಹಾಗಾಗಿ ಮೊದಲು ಅಂಚಿನಿಂದ ಹಿಂದೆ ಸರಿಯಿರಿ. ಅಮೆರಿಕದಲ್ಲಿ ಬಳಸುವ ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್‌ನಲ್ಲಿ ಒಂದು ಸರಳ ಲೆಕ್ಕವಿದೆ. ಇಳಿಜಾರಿನ ಮೇಲೆ ಕಟ್ಟುವಾಗ ಪಾಯಕ್ಕೂ ಇಳಿಜಾರಿನ ಮೈಗೂ ನಡುವೆ ಎತ್ತರದ ಮೂರನೇ ಒಂದು ಭಾಗದಷ್ಟು ಜಾಗ ಬಿಡಬೇಕು. ಇಳಿಜಾರು ಎಷ್ಟೇ ಎತ್ತರವಿರಲಿ, ಈ ಜಾಗ 40 ಅಡಿ ದಾಟಬೇಕಿಲ್ಲ. ನಿಮ್ಮಲ್ಲಿ ಅದು 15 ಅಡಿ. ಆದರೆ ಇಳಿಜಾರು 45 ಡಿಗ್ರಿಗಿಂತ ಕಡಿದಾಗಿದ್ದರೆ ಲೆಕ್ಕ ಬದಲಾಗುತ್ತದೆ. ಬುಡದಿಂದ 45 ಡಿಗ್ರಿಯಲ್ಲಿ ಒಂದು ಗೆರೆ ಎಳೆದು, ಅದು ಮೇಲೆ ಬಂದು ಮುಟ್ಟುವ ಜಾಗದಿಂದ ಅಳೆಯಬೇಕು. ನಿಮ್ಮದು 60 ಡಿಗ್ರಿ ಅಂದುಕೊಳ್ಳಿ. ಪಾಯ ಹೆಚ್ಚು ಆಳವಿಲ್ಲದಿದ್ದರೆ ಅಂಚಿನಿಂದ ಸುಮಾರು 34 ಅಡಿ ಹಿಂದೆ ಹೋಗಬೇಕಾಗುತ್ತದೆ. ಇದು ಕನಿಷ್ಠ ಲೆಕ್ಕ. ಮಣ್ಣು ಸಡಿಲವಿದ್ದರೆ ಇನ್ನೂ ಜಾಸ್ತಿ ಬೇಕು. ಭೂಕಂಪದಲ್ಲಿ ದಿಬ್ಬದ ತುದಿ ಬಯಲಿಗಿಂತ ಜೋರಾಗಿ ಅಲುಗಾಡುವುದುಂಟು. ನೋಟಕ್ಕಾಗಿ ಈ ದೂರದಲ್ಲಿ ಚೌಕಾಸಿ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನು ನೀರು. ನನ್ನನ್ನು ಕೇಳಿದರೆ ತಡೆಗೋಡೆಗಿಂತ ಮೊದಲು ದುಡ್ಡು ಹೋಗಬೇಕಾದ್ದು ಇಲ್ಲಿಗೆ. ಮಣ್ಣು ಕೊಚ್ಚಿಹೋಗುವುದು ನೀರಿನಿಂದ ಅನ್ನುವುದು ನಿಮಗೆ ಕಾಣುತ್ತಿದೆ. ಕಾಣದ್ದು ಇನ್ನೊಂದಿದೆ. ಒಳಗೆ ಇಳಿದ ನೀರು ಮಣ್ಣಿನ ಕಣಗಳ ಹಿಡಿತ ಸಡಿಲಿಸುತ್ತದೆ, ಮೇಲಿಂದ ತೂಕವನ್ನೂ ಹೆಚ್ಚಿಸುತ್ತದೆ. ಅಂಥ ನೆಲ ಅಲುಗಾಡಿದರೆ ಬೇಗ ಜಾರುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಹೊಕ್ಕೈಡೋದಲ್ಲಿ ಭೂಕಂಪವಾದಾಗ ಅತ್ಸುಮ ಪಟ್ಟಣದ ಸುತ್ತ ಸಾವಿರಾರು ಕಡೆ ಗುಡ್ಡ ಜಾರಿತು. ಅಲ್ಲಿನ ಮೇಲ್ಪದರ ಜ್ವಾಲಾಮುಖಿಯಿಂದ ಬಂದದ್ದು, ನೀರು ಹಿಡಿದಿಟ್ಟುಕೊಳ್ಳುವಂಥದ್ದು.

1,000 ಚದರ ಅಡಿಯ ಚಾವಣಿ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ ಸುಮಾರು 9,300 ಲೀಟರ್ ನೀರು. ಅದನ್ನು ಸುಮ್ನೆ ಅಂಚಿನ ಕಡೆ ಬಿಟ್ಟರೆ ಏನಾಗಬಹುದು, ಯೋಚಿಸಿ. ಮುಚ್ಚಿದ ಪೈಪಿನಲ್ಲಿ ಇಳಿಜಾರಿನ ಬುಡದವರೆಗೂ ಒಯ್ದು, ಅಲ್ಲಿ ಕಲ್ಲು ಹಾಸಿದ ಜಾಗಕ್ಕೆ ಬಿಡಬೇಕು. ಇಂಗುಗುಂಡಿ, ಶೌಚದ ಗುಂಡಿ, ದಿನಾ ನೀರು ಹಾಯಿಸುವ ಹುಲ್ಲುಹಾಸು, ಇವೆಲ್ಲ ಅಂಚಿನಿಂದ ದೂರವಿರಲಿ. ಇಳಿಜಾರಿನ ಮೇಲಿರುವ ಗಿಡಮರ ಕಡಿಯಬೇಡಿ. ಬುಡದ ಮಣ್ಣು ಅಗೆಯುವುದು, ತಲೆಯ ಮೇಲೆ ಮಣ್ಣು ತಂದು ತುಂಬುವುದು ಎರಡೂ ಜಾರಿಕೆಗೆ ದಾರಿ.

ತಡೆಗೋಡೆ ಬೇಡ ಅನ್ನುತ್ತಿಲ್ಲ. ಆದರೆ ಅದರ ಹಿಂದೆ ಜಲ್ಲಿ ತುಂಬಿ, ನೀರು ಹೊರಬರಲು ತೂತು ಬಿಡದಿದ್ದರೆ ಮಣ್ಣಿನ ಜೊತೆಗೆ ನೀರಿನ ಒತ್ತಡವನ್ನೂ ಗೋಡೆಯೇ ಹೊರಬೇಕಾಗುತ್ತದೆ. ಆಳದ ಪಿಲ್ಲರ್‌ಗೂ ಒಂದು ಷರತ್ತು ಇದೆ. ಜಾರುವ ಪದರ ದಾಟಿ ಗಟ್ಟಿ ನೆಲಕ್ಕೆ ಇಳಿದಿರಬೇಕು, ಪಕ್ಕದಿಂದ ಬರುವ ಒತ್ತಡ ತಡೆಯುವಂತೆ ಲೆಕ್ಕ ಹಾಕಿರಬೇಕು. ಆ ಪದರ ಎಲ್ಲಿದೆ ಅಂತ ಕೊರೆದು ನೋಡದೆ ಯಾರೂ ಹೇಳಲಾರರು.

ಇಳಿಜಾರಿನ ಮೇಲೇ ಕಂಬ ನಿಲ್ಲಿಸಿ ಮನೆ ಮುಂದೆ ಚಾಚುವ ಯೋಚನೆಯಿದ್ದರೆ ಇನ್ನೊಂದು ಅಪಾಯವಿದೆ. ಗುಡ್ಡದ ಕಡೆಯ ಕಂಬ ಗಿಡ್ಡ, ಹೊರಗಿನದು ಉದ್ದ. ಗಿಡ್ಡ ಕಂಬ ಬಾಗುವುದು ಕಡಿಮೆ, ಹಾಗಾಗಿ ಭೂಕಂಪದ ಹೊಡೆತವೆಲ್ಲ ಅದರ ಮೇಲೇ ಬಿದ್ದು ಮೊದಲು ಅದೇ ಒಡೆಯುತ್ತದೆ. ಅರ್ಧ ಮನೆ ಕಡಿದ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಕೂರಿಸುವುದೂ ಬೇಡ. ತುಂಬಿದ ಕಡೆ ಕುಸಿದು ಗೋಡೆ ಬಿರಿಯುತ್ತದೆ.

ಈಗ ನೀವು ಮಾಡಬೇಕಾದ್ದು: ನಕ್ಷೆ ಬರೆಸುವ ಮೊದಲೇ ಮಣ್ಣು ಪರೀಕ್ಷೆ ಮಾಡುವ ಭೂತಾಂತ್ರಿಕ ಇಂಜಿನಿಯರ್ ಒಬ್ಬರನ್ನು ಕರೆಸಿ. ಮಳೆಯಲ್ಲೂ ಭೂಕಂಪದಲ್ಲೂ ಇಳಿಜಾರು ನಿಲ್ಲುತ್ತದೆಯೇ ಎಂದು ಬರೆದುಕೊಡಲು ಕೇಳಿ. ಅಷ್ಟರಲ್ಲಿ ಒಂದು ಜೋರು ಮಳೆ ನಿಂತ ಮೇಲೆ ಸೈಟು ಸುತ್ತಿ ಬನ್ನಿ. ಬಾಗಿದ ಮರ, ಅಂಚಿಗೆ ಸಮನಾಗಿ ಓಡುವ ಬಿರುಕು, ಬುಡದಲ್ಲಿ ಹೊಸದಾಗಿ ಒಸರುವ ನೀರು ಕಂಡರೆ ಫೋಟೋ ತೆಗೆದು ಅವರಿಗೆ ತೋರಿಸಿ, ಅವರ ಉತ್ತರ ಬರುವವರೆಗೆ ಕಂಟ್ರಾಕ್ಟರ್‌ಗೆ ಮುಂಗಡ ಕೊಡಬೇಡಿ.