ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಇಂಗ್ಲೆಂಡಿನಲ್ಲಿ ಮೊದಲು ಮಣ್ಣಿನ ಕೋಟೆಗಳನ್ನೇ ಕಟ್ಟಿದ್ದೇಕೆ?
ಮುಖ್ಯ ಕಾರಣ ಅವಸರ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಅವರ ದೊರೆ ವಿಲಿಯಂನ ಬಳಿ ಇದ್ದದ್ದು ಕೆಲವೇ ಸಾವಿರ ಸೈನಿಕರು, ಸುತ್ತಲೂ ಒಲ್ಲದ ಜನ. ಕಲ್ಲಿನ ಕೋಟೆಗೆ ವರ್ಷಗಳೇ ಬೇಕು. ಮಣ್ಣಿಗೆ ಗುದ್ದಲಿ, ಬುಟ್ಟಿ, ಬಿಟ್ಟಿ ಆಳು ಸಾಕು. ದುಂಡಗೆ ಕಂದಕ ತೋಡಿ, ಅದೇ ಮಣ್ಣನ್ನು ಒಳಗೆ ಸುರಿದು, ಪದರ ಪದರವಾಗಿ ಧಮ್ಮಸು ಮಾಡಿ ದಿಬ್ಬ ಎಬ್ಬಿಸುತ್ತಿದ್ದರು. ಎತ್ತರ ಹೆಚ್ಚಾಗಿ 5 ಮೀಟರಿಗಿಂತ ಕಡಿಮೆ; 10 ಮೀಟರ್ ದಾಟಿದವು ಕೆಲವೇ. ನೆತ್ತಿಯಲ್ಲಿ ಮರದ ಗೋಪುರ. ಬುಡದ ಬೇಲಿಯಂಗಳದಲ್ಲಿ ಲಾಯ, ಅಡುಗೆಮನೆ, ಉಗ್ರಾಣ.

ನನ್ನ ಪ್ರಕಾರ ಇವು ಗಡಿ ಕಾಯುವುದಕ್ಕಿಂತ ಊರನ್ನು ಹದ್ದುಬಸ್ತಿನಲ್ಲಿಡುವ ಠಾಣೆಗಳು. ಲಿಂಕನ್ ಪಟ್ಟಣದಲ್ಲಿ ಕೋಟೆಗಾಗಿ 166 ಮನೆಗಳು ಹೋದವೆಂದು ವಿಲಿಯಂ ಮಾಡಿಸಿದ ಆಸ್ತಿ ಗಣತಿಯಾದ 1086ರ ಡೂಮ್ಸ್‌ಡೇ ದಾಖಲೆಯಲ್ಲಿದೆ.

ಮರಕ್ಕೆ ಬೆಂಕಿಯ ಭಯ: ಯಾರ್ಕ್ ಪಟ್ಟಣದ ಮರದ ಗೋಪುರ 1190ರಲ್ಲಿ ಸುಟ್ಟುಹೋಯಿತು. ಆಮೇಲೆ ಅಲ್ಲೇ ಕಟ್ಟಿದ ಕಲ್ಲಿನ ಗೋಪುರ, ಕೆಳಗಿನ ಮಣ್ಣು ಕುಸಿದು ಬಿರುಕುಬಿಟ್ಟಿತು.