ತಮ್ಮನ ಚಿಕಿತ್ಸೆಗೆ ಬಳೆ ಅಡವಿಡಬೇಕೇ?

ಪ್ರಶ್ನೆ: ತಮ್ಮನಿಗೆ ಒಂದು ವರ್ಷದಿಂದ ಖಿನ್ನತೆ. ಖಾಸಗಿ ಆಪ್ತಸಮಾಲೋಚಕರು ವಾರಕ್ಕೊಮ್ಮೆ ಬರಲು ಹೇಳಿದ್ದು, ಪ್ರತಿ ಭೇಟಿಗೆ 1,500 ರೂಪಾಯಿ ಆಗುತ್ತದೆ. ನನ್ನ ಸಂಬಳ 24,000. ಅಮ್ಮ ತಮ್ಮ ಎರಡು ಬಳೆಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟಿದ್ದಾರೆ. ಆರೋಗ್ಯ ವಿಮೆಯಿಂದ ಹಣ ಸಿಗುವುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ಆ ಬಳೆಗಳನ್ನು ಅಮ್ಮನ ಕೈಗೆ ಮರಳಿ ತೊಡಿಸಿ. ತಿಂಗಳಿಗೆ 6,000 ಎಂದರೆ ನಿಮ್ಮ ಸಂಬಳದ ಕಾಲು ಭಾಗ; ಸಾಲದ ಹಣದಲ್ಲಿ ಆರಂಭವಾದ ಸಮಾಲೋಚನೆ ಹಣ ಮುಗಿದೊಡನೆ ಅರ್ಧಕ್ಕೆ ನಿಲ್ಲುವುದೇ ನನಗೆ ಹೆಚ್ಚು ಕಳವಳದ ಸಂಗತಿ.

ದೈಹಿಕ ಕಾಯಿಲೆಗಿರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಆದರೆ ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗಿನ ವೆಚ್ಚವನ್ನಷ್ಟೇ ಭರಿಸುವುದರಿಂದ, ಹೊರರೋಗಿ ಚಿಕಿತ್ಸೆಯ ಸೌಲಭ್ಯ ನಿಮ್ಮ ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಇದ್ದರೆ ಮಾತ್ರ ಈ ಶುಲ್ಕ ಸಿಗುವ ಸಾಧ್ಯತೆಯಿದೆ. ತಮ್ಮನ ಹೆಸರು ಅದರಲ್ಲಿ ಇದೆಯೇ ಎಂಬುದನ್ನೂ ನೋಡಿ.

ನನ್ನ ಸಲಹೆಯೆಂದರೆ, ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಔಷಧಿ ಬೇಕೇ, ಸಮಾಲೋಚನೆ ಎಷ್ಟು ದಿನಕ್ಕೊಮ್ಮೆ ಸಾಕು ಎಂಬುದನ್ನು ಅವರೇ ಹೇಳಬಲ್ಲರು. ಅಗತ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗೊಯ್ಯಿರಿ, ಅಲ್ಲಿ ಬಡ ಕುಟುಂಬಗಳಿಗೆ ರಿಯಾಯಿತಿಯಿದೆ. ಈಗಿನ ಸಮಾಲೋಚಕರೊಂದಿಗೇ ಮುಂದುವರಿಯಲು ತಮ್ಮ ಬಯಸಿದರೆ, ಶುಲ್ಕ ಇಳಿಸಲು ಅಥವಾ ಹದಿನೈದು ದಿನಕ್ಕೊಮ್ಮೆ ಭೇಟಿಯಾಗಲು ಸಾಧ್ಯವೇ ಎಂದು ನೇರವಾಗಿ ಕೇಳಿ, ಸಂಕೋಚ ಬೇಡ. ನಡುವೆ ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ತಮ್ಮ ಸಾಯುವ ಮಾತೇನಾದರೂ ಆಡಿದರೆ ಖರ್ಚಿನ ಲೆಕ್ಕ ಬದಿಗಿಟ್ಟು, ಅವನನ್ನು ಒಂಟಿಯಾಗಿ ಬಿಡದೆ, ಆ ಕ್ಷಣವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.