ಫಿಸಿಯೋ ಬದಲಾಯಿಸ್ಬೇಡಿ, ಮೊದ್ಲು ಸಿ.ಟಿ. ಮಾಡ್ಸಿ

ಎಕ್ಸ್‌ರೇ ನಾರ್ಮಲ್, ರಾತ್ರಿ ಪಾದ ನೋವು, ಮಾತ್ರೆ ನುಂಗಿದ್ರೆ ಕಮ್ಮಿ, ಬೇರೆ ಫಿಸಿಯೋ ಹತ್ರ ಹೋಗ್ಲಾ ಅಂತ ಕೇಳಿದ್ದೀರ. ಬೇಡ. ನನ್ನ ಹಳೇ ಫೈಲ್ ಓದ್ದಂಗಾಯ್ತು, ನಂದು ಕೊನೆಗೆ ಮೂಳೆಯೊಳಗಿನ ಒಂದು ಪುಟ್ಟ ಗಡ್ಡೆ ಅಂತ ಗೊತ್ತಾಯ್ತು.

ಬಸವನಗುಡೀಲಿ ಬಸ್ ಇಳಿಯುವಾಗ ನಂಗೆ ಕಾಲು ಉಳುಕಿತ್ತು, ಅದಕ್ಕೇ ಎಲ್ರೂ ಉಳುಕು ಅಂತಾನೇ ಹಿಡ್ಕೊಂಡ್ರು. ಹಗಲು ಹೆಂಗೋ ಓಡಾಡ್ತಿದ್ದೆ, ನಡುರಾತ್ರಿ ಆದ್ರೆ ಕಣಕಾಲಿನ ಮುಂದೆ ಒಳಗಿಂದ ಕೊರೆಯೋಕೆ ಶುರು, ಎದ್ದು ಒಂದು ಬ್ರೂಫೆನ್ ನುಂಗಿದ್ರೆ ಮತ್ತೆ ನಿದ್ದೆ. ಮಾತ್ರೇಲಿ ಹೋಗೋ ನೋವು ತಾನೇ, ದೊಡ್ಡದೇನಿರಲ್ಲ ಅಂದ್ರು, ನಾವೂ ನಂಬಿದ್ವಿ. ಕಾಲ ಕಳೆದಿದ್ದೇ ಈ ಒಂದು ತಪ್ಪು ಲೆಕ್ಕದಿಂದ. ಆಸ್ಟಿಯಾಯ್ಡ್ ಆಸ್ಟಿಯೋಮಾ ಅನ್ನೋ ಮೂಳೆ ಗಡ್ಡೆ ಸಾಮಾನ್ಯವಾಗಿ 1.5 ಸೆಂಟಿಮೀಟರ್ ಕೂಡ ಇರಲ್ಲ, ಆದ್ರೆ ಪ್ರೊಸ್ಟಾಗ್ಲಾಂಡಿನ್ ಅನ್ನೋ ನೋವು ತರಿಸೋ ರಾಸಾಯನಿಕನ ಸಿಕ್ಕಾಪಟ್ಟೆ ಉತ್ಪತ್ತಿ ಮಾಡುತ್ತೆ, ಬ್ರೂಫೆನ್ ಆಸ್ಪಿರಿನ್ ಎಲ್ಲ ತಡೆಯೋದು ಅದನ್ನೇ. ಅಂದ್ರೆ ರಾತ್ರಿ ನೋವು ಮಾತ್ರೆಗೆ ಅಷ್ಟು ಚೆನ್ನಾಗಿ ಬಗ್ಗುತ್ತೆ ಅನ್ನೋದೇ ಸುಳಿವು, ಅದನ್ನೇ ನಾವು ಸಮಾಧಾನ ಅಂದ್ಕೊಂಡ್ವಿ.

ಎಂ.ಆರ್.ಐ. ಕೂಡ ದಾರಿ ತಪ್ಪಿಸ್ತು. ಟೇಲಸ್ ಅನ್ನೋ ಕಣಕಾಲಿನ ಮೂಳೆ ತುಂಬ ಊತ ಕಾಣಿಸ್ತು, ಪೆಟ್ಟು ಬಿದ್ದಿದೆ ಅಂತ ರಿಪೋರ್ಟ್ ಬಂತು, ಗಡ್ಡೆ ಆ ಊತದಲ್ಲೇ ಮುಚ್ಚಿಹೋಗಿತ್ತು. ಕೊನೆಗೆ ಜಯನಗರದಲ್ಲಿ ಒಬ್ರು ಮೂಳೆ ಡಾಕ್ಟ್ರು "ನೋವು ನಿದ್ದೆಯಿಂದ ಎಬ್ಬಿಸುತ್ತಾ?" ಅಂತ ಕೇಳಿ ತೆಳು ಸ್ಲೈಸಿನ ಸಿ.ಟಿ. ಬರೆದ್ರು. ಟೇಲಸ್ ಕುತ್ತಿಗೆ, ಅಂದ್ರೆ ಆ ಮೂಳೆಯ ಸಪೂರ ಭಾಗದ ಹತ್ರ ಹೆಸರುಕಾಳಿನಷ್ಟು ಕಪ್ಪು ಗುಂಡಿ, ಅದರ ನಡುವೆ ಬಿಳಿ ಚುಕ್ಕೆ. ಅದೇ ಆ ಗಡ್ಡೆ.

ಗಡ್ಡೆ ಅಂದ ತಕ್ಷಣ ಅಮ್ಮ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗೋಣ ಅಂತ ಅಳೋಕೆ ಶುರು ಮಾಡಿದ್ರು. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗೋ ಜಾತಿಯೂ ಅಲ್ಲ. ಸಿ.ಟಿ. ನೋಡ್ಕೊಂಡೇ ಸೂಜಿ ಇಳಿಸಿ ಸುಮಾರು 90 ಡಿಗ್ರಿ ಶಾಖದಲ್ಲಿ ಕೆಲವು ನಿಮಿಷ ಸುಟ್ಟರು, ರೇಡಿಯೋಫ್ರೀಕ್ವೆನ್ಸಿ ಅಬ್ಲೇಷನ್ ಅಂತಾರೆ. ಆಮೇಲೆ ಆ ರಾತ್ರಿ ನೋವು ಬರಲೇ ಇಲ್ಲ.

ಕಾದ್ರೆ ವರ್ಷಗಳಲ್ಲಿ ತಾನಾಗೇ ಆರಿಹೋಗಬಹುದು ಅಂತಾನೂ ಹೇಳ್ತಾರೆ, ಅದು ನಿಜ, ಆದ್ರೆ ಅಲ್ಲಿವರೆಗೂ ಮಾತ್ರೆ ನುಂಗಿ ಹೊಟ್ಟೆ ಕಿಡ್ನಿ ಕೆಡಿಸ್ಕೊಳ್ಳೋದು ನಂಗಂತೂ ಸರಿ ಅನ್ಸಲ್ಲ. ನಿಮ್ದೂ ಇದೇ ಅಂತಿಲ್ಲ, ಇದಲ್ಲ ಅಂತ ಗೊತ್ತಾಗೋವರೆಗೂ ಫಿಸಿಯೋಗೆ ದುಡ್ಡು ಸುರೀಬೇಡಿ ಅಂತಿದೀನಿ. ಅದೇ ಆಗಿದ್ರೆ, ಸುಡೋ ಜಾಗಕ್ಕೂ ನರ, ಕೀಲಿನ ಮೃದ್ವಸ್ಥಿಗೂ ಎಷ್ಟು ದೂರ ಇದೆ ಅಂತ ಡಾಕ್ಟ್ರನ್ನ ಕೇಳಿ, ಪಾದದಲ್ಲಿ ಎಲ್ಲ ಹತ್ತಿರ ಹತ್ತಿರಾನೇ ಇರುತ್ತೆ. ಹೋಗುವಾಗ ರಿಪೋರ್ಟ್ ಒಂದೇ ಅಲ್ಲ, ಸ್ಕ್ಯಾನ್ ಸಿ.ಡಿ. ಕೂಡ ತಗೊಂಡ್ಹೋಗಿ.